ಈಟಿ ಇಳಿಸಿದ ಕೈ

1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಒಂದು ಸಾಕ್ಷ್ಯಚಿತ್ರದ ಪಾಲಾಯಿತು. ಜಾಕ್ ಕುಸ್ಟೊ ಮತ್ತು ಆಗಿನ್ನೂ ತರುಣನಾಗಿದ್ದ ಲೂಯಿ ಮಾಲ್ ಸೇರಿ ತೆಗೆದ ‘ದಿ ಸೈಲೆಂಟ್ ವರ್ಲ್ಡ್’ ಅದು. ಮರುವರ್ಷ ಆಸ್ಕರ್ ಕೂಡ ಬಂತು. ಕಡಲೊಳಗಿನ ಬಣ್ಣಗಳನ್ನು ಅಲ್ಲಿಯವರೆಗೆ ಕಾಣದಿದ್ದ ಜನ ಬೆರಗಾಗಿ ನೋಡಿದರು. ಇಂದು ಅದೇ ಚಿತ್ರವನ್ನು ಡೈವಿಂಗ್ ಶಾಲೆಯೊಂದರಲ್ಲಿ ಹಾಕಿದರೆ ಮಾಡಬಾರದ ಕೆಲಸಗಳ ಪಾಠದಂತೆ ಕಂಡೀತು. ಹವಳದ ದಿಬ್ಬದಲ್ಲಿ ಯಾವ ಯಾವ ಮೀನುಗಳಿವೆ ಎಂದು ಎಣಿಸಲು ಅಲ್ಲಿ ಡೈನಮೈಟ್ ಸಿಡಿಸುತ್ತಾರೆ. ಕಡಲಾಮೆಯ ಚಿಪ್ಪು ಹಿಡಿದು ಸವಾರಿ ಮಾಡುತ್ತಾರೆ. ಅವರ ಹಡಗು ಕ್ಯಾಲಿಪ್ಸೊದ ಪ್ರೊಪೆಲ್ಲರಿಗೆ ತಿಮಿಂಗಿಲದ ಮರಿಯೊಂದು ಸಿಕ್ಕಿ ಗಾಯಗೊಳ್ಳುತ್ತದೆ, ನರಳಾಟ ನಿಲ್ಲಿಸಲೆಂದು ಅದನ್ನು ಗುಂಡಿಟ್ಟು ಕೊಲ್ಲುತ್ತಾರೆ. ನೆತ್ತರ ವಾಸನೆಗೆ ಶಾರ್ಕ್‌ಗಳು ಮುತ್ತುತ್ತವೆ. ಆಗ ನಾವಿಕರು ಅವನ್ನು ಕೊಕ್ಕೆ ಹಾಕಿ ಡೆಕ್ಕಿನ ಮೇಲೆಳೆದು, ಹಳೆಯ ಸೇಡೊಂದನ್ನು ತೀರಿಸಿಕೊಳ್ಳುವವರಂತೆ, ಕೊಡಲಿಯಿಂದ ಕೊಚ್ಚುತ್ತಾರೆ. ಕ್ಯಾಮೆರಾ ಇದನ್ನೆಲ್ಲ ಅಡಗಿಸುವುದಿಲ್ಲ. ಅಡಗಿಸಬೇಕಾದದ್ದು ಏನಾದರೂ ಇದೆ ಎಂದು ತೆಗೆದವರಿಗೂ ಅನ್ನಿಸಲಿಲ್ಲ, ಚಪ್ಪಾಳೆ ತಟ್ಟಿದವರಿಗೂ ಅನ್ನಿಸಲಿಲ್ಲ.

ಇದಾಗಿ ಮೂವತ್ತು ನಲವತ್ತು ವರ್ಷಗಳೊಳಗೆ ಸಿಲಿಂಡರ್ ಬೆನ್ನಿಗೇರಿಸಿಕೊಂಡವರ ನಡವಳಿಕೆ ತಲೆಕೆಳಗಾಯಿತು. ಏನನ್ನೂ ಮುಟ್ಟಬೇಡ, ಏನನ್ನೂ ಎತ್ತಿಕೊಂಡು ಬರಬೇಡ, ತಿನ್ನಿಸಬೇಡ, ಬೆನ್ನಟ್ಟಬೇಡ, ಅವುಗಳ ದಾರಿಗೆ ಅಡ್ಡ ನಿಲ್ಲಬೇಡ. ಇದು ಎಲ್ಲಿಂದ ಬಂತು ಎಂದು ಕೇಳಿದರೆ ಜನರಲ್ಲಿ ಪರಿಸರಪ್ರಜ್ಞೆ ಮೂಡಿತು ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರ ನನಗೆ ಸಾಲದು. ಪ್ರಜ್ಞೆ ಮೂಡಿದವರು ಯಾವ ಕಾಲದಲ್ಲೂ ಇರುತ್ತಾರೆ, ಆದರೆ ಅವರು ಇದ್ದಾರೆಂದ ಮಾತ್ರಕ್ಕೆ ಊರಿನ ರೂಢಿ ಬದಲಾಗುವುದಿಲ್ಲ. ಈ ಮರ್ಯಾದೆಯ ಚರಿತ್ರೆಯನ್ನು ಹಿಂಬಾಲಿಸುತ್ತ ಹೋದರೆ ಎದುರಾಗುವವರು ಸಂತರಲ್ಲ. ಖಾಲಿಯಾದ ಬೇಟೆಯ ಜಾಗ ಕಂಡು ಪೆಚ್ಚಾದ ಬೇಟೆಗಾರರು, ಗುಹೆಯೊಳಗೆ ಜೀವ ಉಳಿಸಿಕೊಳ್ಳಲು ಈಜಿನ ಕ್ರಮವನ್ನೇ ಬದಲಿಸಿದವರು, ಲಂಗರಿಗೆ ಬದಲಾಗಿ ನೀರಲ್ಲಿ ತೇಲುವ ಬೋಯೆಗೆ ಹಗ್ಗ ಕಟ್ಟಿದ ಹೋಟೆಲಿನವರು. ಕೈ ತಡೆದದ್ದು ಕರುಣೆಗಿಂತ ಹೆಚ್ಚಾಗಿ ಏರ್ಪಾಡು.

ಕಡಲಿಗೆ ಇಳಿಯುವವರಿಗೆ ಅದಕ್ಕೆ ಮೊದಲು ಮರ್ಯಾದೆಯೇ ಇರಲಿಲ್ಲವೆಂದಲ್ಲ, ಅದು ಬೇರೆ ದಿಕ್ಕಿನದಾಗಿತ್ತು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಮನ್ನಾರ್ ಕೊಲ್ಲಿಯ ಮುತ್ತಿನ ವ್ಯಾಪಾರವನ್ನು ಬಣ್ಣಿಸಿದ ಮಾರ್ಕೊ ಪೋಲೊ ಒಂದು ವಿಚಿತ್ರ ಸಂಬಳದ ಲೆಕ್ಕ ಕೊಡುತ್ತಾನೆ. ಮುಳುಗುವವರಿಗೆ ದೊಡ್ಡ ಮೀನುಗಳು ಕೇಡು ಮಾಡದಂತೆ ಮಂತ್ರ ಹಾಕುವವರಿಗೆ ಸಿಕ್ಕ ಮುತ್ತಿನಲ್ಲಿ ಇಪ್ಪತ್ತರಲ್ಲೊಂದು ಪಾಲು. ಮಂತ್ರ ಹಗಲಿಗೆ ಮಾತ್ರ. ರಾತ್ರಿಯಾದರೆ ಕಟ್ಟು ಬಿಚ್ಚುತ್ತಿದ್ದರು, ಮೀನುಗಳು ತಮ್ಮಿಷ್ಟದಂತೆ ಇರಬಹುದಿತ್ತು. ತಮಿಳಿನಲ್ಲಿ ಇಂಥವನಿಗೆ ‘ಕಡಲ್‌ಕಟ್ಟಿ’ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಸಿಲೋನಿನಲ್ಲಿ ಬ್ರಿಟಿಷ್ ಅಧಿಕಾರಿ ಎಮರ್ಸನ್ ಟೆನೆಂಟ್ ಬರೆಯುವ ಹೊತ್ತಿಗೂ ಅವನಿಲ್ಲದೆ ಮುತ್ತಿನವರು ನೀರಿಗಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಆ ವಂಶಪಾರಂಪರ್ಯದ ಮಾಂತ್ರಿಕ ಕ್ಯಾಥೋಲಿಕ್ ಕ್ರೈಸ್ತನಾಗಿದ್ದ ಎಂಬುದನ್ನು ಟೆನೆಂಟ್ ಗುರುತಿಸಿದ್ದಾನೆ, ಅದರಿಂದ ಯಾರ ನಂಬಿಕೆಗೂ ಧಕ್ಕೆಯಾದಂತೆ ಕಾಣುವುದಿಲ್ಲ. ಮಂತ್ರದಿಂದ ಶಾರ್ಕಿನ ಬಾಯಿ ಕಟ್ಟಿತೋ ಇಲ್ಲವೋ, ಮುಳುಗುವವನ ಹೆದರಿಕೆಯಂತೂ ಕಟ್ಟಿತು. ಅಲ್ಲಿ ಅಂಕೆಯಲ್ಲಿ ಇರಬೇಕಾದದ್ದು ಮೀನು. ಒಂದೇ ಉಸಿರಿನಲ್ಲಿ ಇಳಿದು, ಚಿಪ್ಪು ಬಾಚಿ, ಮೇಲೇಳುವ ಮನುಷ್ಯ ಕಡಲಿಗೆ ಏನು ಮಾಡಿಯಾನು ಎಂಬ ಪ್ರಶ್ನೆ ಯಾರಿಗೂ ಬರಬೇಕಾಗಿರಲಿಲ್ಲ.

ಆ ಪ್ರಶ್ನೆ ಬಂದದ್ದು ಮನುಷ್ಯ ಕೆಳಗೇ ಉಳಿಯಲು ಕಲಿತಾಗ. 1930ರ ದಶಕದಲ್ಲಿ ಫ್ರಾನ್ಸಿನ ರಿವಿಯೆರಾ ಕರಾವಳಿಯಲ್ಲಿ ಗೈ ಗಿಲ್‌ಪ್ಯಾಟ್ರಿಕ್ ಎಂಬ ಅಮೆರಿಕನ್ ಲೇಖಕ ಕನ್ನಡಕ ಕಟ್ಟಿಕೊಂಡು ಈಟಿಯಿಂದ ಮೀನು ಹೊಡೆಯುವ ಹವ್ಯಾಸ ಹಬ್ಬಿಸಿದ, 1938ರಲ್ಲಿ ಅದರ ಮೇಲೊಂದು ಪುಸ್ತಕವನ್ನೂ ಬರೆದ. 1937ರಲ್ಲಿ ಅಲ್ಲಿ ಅವನನ್ನು ಕಂಡು ಮರುಳಾದವನು ವಿಯೆನ್ನಾದ ವಿದ್ಯಾರ್ಥಿ ಹಾನ್ಸ್ ಹಾಸ್. ಎರಡು ವರ್ಷದಲ್ಲಿ ಹಾಸ್ ಇಬ್ಬರು ಗೆಳೆಯರೊಂದಿಗೆ ಕೆರಿಬಿಯನ್ನಿನ ಕ್ಯುರಸಾವ್ ಮತ್ತು ಬೊನೇರ್ ದ್ವೀಪಗಳಿಗೆ ಹೋದ. ಅವನ ಮೊದಲ ಪುಸ್ತಕದ ಜರ್ಮನ್ ಹೆಸರಿನ ಅರ್ಥ ‘ಹಾರ್ಪೂನ್ ಮತ್ತು ಕ್ಯಾಮೆರಾ ಹಿಡಿದು ನೀರೊಳಗಿನ ಬೇಟೆ’. ಎರಡೂ ಆಯುಧಗಳು ಒಂದೇ ಸಾಲಿನಲ್ಲಿವೆ. ಆ ತಲೆಮಾರಿನ ಮನಸ್ಸನ್ನು ಅರಿಯಲು ಅದೊಂದು ಹೆಸರು ಸಾಕು. ಕುಸ್ಟೊನ ಮೊದಲ ನೀರೊಳಗಿನ ಚಿತ್ರ, 1942ರದ್ದು, ಗೆಳೆಯ ಫ್ರೆಡೆರಿಕ್ ಡ್ಯೂಮಾ ಉಸಿರು ಬಿಗಿಹಿಡಿದು ಮೀನು ಹೊಡೆಯುವುದರ ಮೇಲೆಯೇ ನಿಂತಿತ್ತು. 1943ರಲ್ಲಿ ಕುಸ್ಟೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾ ಸೇರಿ, ಬೆನ್ನಿನ ಸಿಲಿಂಡರಿನಿಂದ ನೀರೊಳಗೆ ಉಸಿರಾಡಲು ಬಿಡುವ ಅಕ್ವಾಲಂಗ್ ಕಟ್ಟಿದರು. ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಗ್ಯಾಸಿನಿಂದ ಓಡುತ್ತಿದ್ದ ಕಾರುಗಳ ವಾಲ್ವೇ ಅದಕ್ಕೆ ಮೂಲ. ಬೇಟೆಗಾರನಿಗೆ ಸಿಕ್ಕಿದ್ದು ಒಂದು ಉಸಿರಿನ ಬದಲು ಅರ್ಧ ಗಂಟೆ. ಮೆಡಿಟರೇನಿಯನ್ನಿನ ಬಂಡೆಗಳ ಸಂದಿಯಲ್ಲಿ ಮನೆ ಮಾಡಿಕೊಂಡು, ಓಡದೆ ನಿಂತು ನೋಡುವ ಗ್ರೂಪರ್ ಮೀನಿಗೆ ಆ ಕುತೂಹಲವೇ ಮುಳುವಾಯಿತು.

ಬೇಟೆಗಾರರೇ ಮೊದಲು ಸಾಕ್ಷಿಯಾದರು, ಯಾಕೆಂದರೆ ಅದೇ ಬಂಡೆಗೆ ಮರುವರ್ಷವೂ ಮರಳಿದವರು ಅವರೊಬ್ಬರೇ. ಆಸ್ಟ್ರೇಲಿಯದ ರಾನ್ ಟೇಲರ್ 1965ರಲ್ಲಿ ತಾಹಿತಿಯಲ್ಲಿ ಈಟಿ ಬೇಟೆಯ ವಿಶ್ವ ಚಾಂಪಿಯನ್ ಆದವನು. ಅವನ ಹೆಂಡತಿ ವ್ಯಾಲೆರಿ ಕೂಡ ಚಾಂಪಿಯನ್. ಕೆಲವೇ ವರ್ಷಗಳಲ್ಲಿ ಇಬ್ಬರೂ ಈಟಿ ಕೆಳಗಿಟ್ಟು ಕ್ಯಾಮೆರಾ ಹಿಡಿದರು. ನೋಡಲು ಭಯಂಕರ, ಸ್ವಭಾವದಲ್ಲಿ ಸಾಧು ಎನ್ನಬಹುದಾದ ಗ್ರೇ ನರ್ಸ್ ಶಾರ್ಕನ್ನು ಬೇಟೆಗಾರರು ಪೌರುಷಕ್ಕಾಗಿ ಕೊಂದು ಕೊಂದು ಮುಗಿಸಲು ಬಂದಿದ್ದಾಗ ಅದರ ಪರ ಗಟ್ಟಿಯಾಗಿ ಕೂಗಿದವರಲ್ಲಿ ಇವರಿದ್ದರು. 1984ರಲ್ಲಿ ನ್ಯೂ ಸೌತ್ ವೇಲ್ಸ್ ಅದಕ್ಕೆ ಕಾನೂನಿನ ರಕ್ಷಣೆ ಕೊಟ್ಟಿತು. ಜಗತ್ತಿನಲ್ಲಿ ಹಾಗೆ ರಕ್ಷಣೆ ಪಡೆದ ಮೊದಲ ಶಾರ್ಕ್ ಅದು. ಟೇಲರ್ ದಂಪತಿಗೆ ಆದದ್ದು ಅಂತಃಕರಣದ ತಿರುವೇ ಅಲ್ಲವೇ, ನೀವೇಕೆ ಏರ್ಪಾಡಿನ ಮಾತಾಡುತ್ತೀರಿ ಎಂದು ಇಲ್ಲಿ ಯಾರಾದರೂ ಕೇಳಬಹುದು. ತಿರುವು ನಿಜ. ಆದರೆ ಅದು ಅವರಿಬ್ಬರ ಕೈಯನ್ನು ತಡೆಯಿತೇ ಹೊರತು ಮುಂದಿನ ದೋಣಿಯಲ್ಲಿ ಬಂದವನ ಕೈಯನ್ನಲ್ಲ. ಅವನನ್ನು ತಡೆಯಲು ಬೇಕಾದದ್ದು 1984ರ ಕಾನೂನು.

ಇನ್ನು ಮುಟ್ಟದಿರುವ ವಿಷಯ. ಇದು ಮನಸ್ಸಿಗಿಂತ ಮೊದಲು ಸಲಕರಣೆಯ ಪ್ರಶ್ನೆ. ಮೊದಲ ಕಾಲದ ಡೈವರ್‌ನ ಸೊಂಟದಲ್ಲಿ ಸೀಸದ ಪಟ್ಟಿ ಇತ್ತು, ಗಾಳಿ ತುಂಬುವ ಜಾಕೆಟ್ ಇರಲಿಲ್ಲ. ಆಳಕ್ಕೆ ಹೋದಂತೆ ರಬ್ಬರಿನ ಉಡುಪು ನೀರಿನ ಒತ್ತಡಕ್ಕೆ ಕುಗ್ಗುತ್ತದೆ, ತೇಲಿಸುವ ಗುಣ ಕಳೆದುಕೊಳ್ಳುತ್ತದೆ. ಮೇಲೆ ಹಗುರಾಗಿದ್ದವನು ಇಪ್ಪತ್ತು ಮೀಟರಿನಲ್ಲಿ ಕಲ್ಲಾಗುತ್ತಾನೆ. ಅಂಥವನು ಹವಳದ ಮೇಲೆ ನಿಲ್ಲುತ್ತಿದ್ದ, ಮಂಡಿಯೂರುತ್ತಿದ್ದ, ಕೊಂಬೆ ಹಿಡಿದು ಮುಂದೆ ಸರಿಯುತ್ತಿದ್ದ. ಅವನಿಗೆ ಮುಟ್ಟಬೇಡ ಎನ್ನುವುದು, ಸಂಜೆಯ ಸಿಟಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುತ್ತಿರುವವನಿಗೆ ಪಕ್ಕದವರಿಗೆ ತಾಗಬೇಡಪ್ಪಾ ಎಂದಂತೆ. 1961ರಲ್ಲಿ ಫ್ರಾನ್ಸಿನ ಮಾರಿಸ್ ಫೆಂಜಿ ಕೊರಳಿಗೆ ಹಾಕುವ ಗಾಳಿಚೀಲವೊಂದಕ್ಕೆ ಪೇಟೆಂಟ್ ಪಡೆದ. ಅದರ ಉದ್ದೇಶ ಡೈವರ್‌ನ ಜೀವ ಉಳಿಸುವುದು, ಹವಳದ್ದಲ್ಲ. 1971ರಲ್ಲಿ ಸ್ಕೂಬಾಪ್ರೊ ಕಂಪನಿಯ ಜಾಕೆಟ್ ಬಂದ ಮೇಲೆ ಗುಂಡಿ ಒತ್ತಿ ಒಂದಿಷ್ಟು ಗಾಳಿ ಸೇರಿಸಿ, ಒಂದಿಷ್ಟು ಬಿಟ್ಟು, ನೀರಿನ ನಡುವೆ ತ್ರಿಶಂಕುವಿನಂತೆ ನಿಲ್ಲುವುದು ಸಾಮಾನ್ಯನಿಗೂ ಸಾಧ್ಯವಾಯಿತು. ಮೈಯನ್ನು ಮಲಗಿದ ಹಾಗಿಟ್ಟು ಕಪ್ಪೆಯಂತೆ ಬದಿಗೆ ಒದೆಯುವ ಈಜು, ಇಂದು ಹವಳಪ್ರೇಮಿಗಳು ಹೆಮ್ಮೆಯಿಂದ ಕಲಿಸುವುದು, ಪಳಗಿದ್ದು ಫ್ಲಾರಿಡಾದ ನೀರು ತುಂಬಿದ ಗುಹೆಗಳಲ್ಲಿ. ಅಲ್ಲಿ ಕಾಲು ಕೆಳಕ್ಕೆ ಬೀಸಿದರೆ ತಳದ ಕೆಸರೆದ್ದು ಕತ್ತಲಾಗುತ್ತದೆ, ದಾರಿ ತಪ್ಪಿದವನು ಹೆಣವಾಗುತ್ತಾನೆ. ಕೆಸರನ್ನು ಎಬ್ಬಿಸದಿರುವುದು ಅಲ್ಲಿ ಸಭ್ಯತೆಯಲ್ಲ, ಪ್ರಾಣದ ಪ್ರಶ್ನೆ. ಸಾವಿನ ಭಯ ಕಲಿಸಿದ ಒದೆತವೇ ಮುಂದೆ ಹವಳದ ಮುಂದಿನ ವಿನಯವಾಯಿತು.

ಈ ಮುಟ್ಟಬೇಡ ಎಂಬ ಮಾತು ಕನ್ನಡದ ಕಿವಿಗೆ ಸ್ವಲ್ಪ ಚುಚ್ಚುತ್ತದೆ ಎಂಬುದನ್ನೂ ಹೇಳಿಬಿಡಬೇಕು. ನಮ್ಮಲ್ಲಿ ಆ ಶಬ್ದದ ಹಿಂದೆ ಮಡಿ-ಮೈಲಿಗೆಯ ಹೇಸಿಗೆಯ ಚರಿತ್ರೆಯಿದೆ. ಕಡಲಡಿಯಲ್ಲಿ ಅದು ತಿರುವುಮುರುವಾಗುತ್ತದೆ. ಇಲ್ಲಿ ದೂರ ನಿಲ್ಲಬೇಕಾದವನು ದುಡ್ಡು ಕೊಟ್ಟು ಇಳಿದ ಬಲಶಾಲಿ, ಕೊಳೆ ಹೊತ್ತು ತರುವವನೂ ಅವನೇ.

ಏರ್ಪಾಡು ಹೇಗೆ ಬೆಳೆಯಿತೆಂದು ನೋಡಲು ಹಾಸ್ ಹಾರ್ಪೂನ್ ಹಿಡಿದು ಇಳಿದಿದ್ದ ಅದೇ ಬೊನೇರ್‌ಗೆ ಹೋಗಬೇಕು. ಒಣ ಹವೆಯ, ಕಳ್ಳಿ ಬೆಳೆಯುವ, ಉಪ್ಪಿನ ಗದ್ದೆಗಳ ಡಚ್ ದ್ವೀಪ. ಹವಳ ದಡಕ್ಕೆ ಎಷ್ಟು ಹತ್ತಿರವೆಂದರೆ ರಸ್ತೆ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲು ಕಂಡಲ್ಲಿ ಗಾಡಿ ನಿಲ್ಲಿಸಿ, ನಡೆದುಕೊಂಡೇ ನೀರಿಗಿಳಿಯಬಹುದು. 1962ರಲ್ಲಿ ಡಾನ್ ಸ್ಟುವರ್ಟ್ ಎಂಬ ಅಮೆರಿಕನ್ ನಾವಿಕ ‘ವ್ಯಾಲೆರಿ ಕ್ವೀನ್’ ಎಂಬ ಹಾಯಿಹಡಗಿನಲ್ಲಿ ಬಂದಿಳಿದು ಡೈವಿಂಗ್ ಪ್ರವಾಸೋದ್ಯಮ ಶುರುಮಾಡಿದ. ಪ್ರತಿ ದೋಣಿ ಬಿಸಾಡುವ ಲಂಗರು ಹವಳವನ್ನು ಪುಡಿ ಮಾಡುವುದನ್ನು ಕಂಡು ಖಾಯಂ ಬೋಯೆಗಳನ್ನು ನೆಡಲು ಹಠ ಹಿಡಿದವರಲ್ಲಿ ಅವನು ಮುಂದಾಳು. 1971ರಲ್ಲಿ ಈಟಿ ಬೇಟೆಗೆ ನಿಷೇಧ ಬಂತು, 1975ರಲ್ಲಿ ಹವಳ ಮುರಿಯುವುದಕ್ಕೂ ಮಾರುವುದಕ್ಕೂ. 1979ರಲ್ಲಿ ಇಡೀ ದ್ವೀಪದ ಸುತ್ತ, ಭರತದ ಗೆರೆಯಿಂದ 60 ಮೀಟರ್ ಆಳದವರೆಗೆ, ಸಾಗರ ಉದ್ಯಾನವಾಯಿತು. ಗಾಳ ಹಾಕುವ ಸ್ಥಳೀಯರ ಮೀನುಗಾರಿಕೆಯನ್ನು ಮುಂದುವರಿಯಲು ಬಿಟ್ಟರು. ಈ ಸಂಗತಿಯನ್ನು ಪ್ರವಾಸಿ ಕರಪತ್ರಗಳು ಮರೆಯುತ್ತವೆ, ನನಗೆ ಇದೇ ಮುಖ್ಯವೆನ್ನಿಸುತ್ತದೆ: ನಿಯಮ ಮೊದಲು ಬಿಗಿದದ್ದು ಮೋಜಿಗೆ ಬಂದವನನ್ನು, ಹೊಟ್ಟೆಪಾಡಿನವನನ್ನಲ್ಲ.

ಆದರೆ ಮುಂದಿನ ಅಧ್ಯಾಯವೇ ಹೆಚ್ಚು ಕಲಿಸುತ್ತದೆ. ಆರಂಭದ ಅನುದಾನ ಮುಗಿದು 1980ರ ದಶಕದ ನಡುವಿನಲ್ಲಿ ಉದ್ಯಾನ ಕಾಗದದ ಮೇಲಷ್ಟೇ ಉಳಿಯಿತು. ಡೈವರುಗಳೇನೋ ಅದೇ ಹವಳವನ್ನು ಮೆಚ್ಚುವವರೇ, ಸಂಖ್ಯೆಯೂ ಏರುತ್ತಿತ್ತು. ಮೆಚ್ಚುಗೆಯಿಂದ ಕಾವಲುಗಾರನ ಸಂಬಳ ಹುಟ್ಟಲಿಲ್ಲ. 1991ರಲ್ಲಿ ಉದ್ಯಾನಕ್ಕೆ ಮತ್ತೆ ಜೀವ ತುಂಬಿ, 1992ರಿಂದ ಪ್ರತಿ ಡೈವರ್‌ಗೆ ವರ್ಷಕ್ಕೆ 10 ಡಾಲರ್ ಶುಲ್ಕ ಹಾಕಿದರು. ನಡೆಸುವ ಖರ್ಚು ಅದರಿಂದಲೇ ಹೊರಟಿತು. ಬಂದವನು ಮೊದಲು ತಿಳಿವಳಿಕೆಯ ಮಾತು ಕೇಳಿ, ಒಂದು ಪರೀಕ್ಷಾ ಮುಳುಗು ಮುಗಿಸಿಯೇ ಮುಂದೆ ಹೋಗಬೇಕು. ಕೈಗವಸು ಹಾಕುವಂತಿಲ್ಲ. ಈ ಕೈಗವಸಿನ ನಿಯಮದ ಹಿಂದಿನ ಬುದ್ಧಿವಂತಿಕೆ ಗಮನಿಸಿ. ಉಪದೇಶವಿಲ್ಲ, ಮನಪರಿವರ್ತನೆಯ ಆಸೆಯೂ ಇಲ್ಲ. ಬರಿಗೈಯವನಿಗೆ ಹವಳದ ಗೀರಿನ ಉರಿ, ಬೆಂಕಿಹವಳದ ಕುಟುಕು ಗೊತ್ತಿರುತ್ತದೆ. ಕೈ ತಾನಾಗಿಯೇ ಹಿಂದೆ ಸರಿಯುತ್ತದೆ. 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿನ ಒಂದೊಂದು ತಾಣವೂ ವರ್ಷಕ್ಕೆ ಸುಮಾರು 4,000ದಿಂದ 6,000 ಮುಳುಗುಗಳನ್ನು ತಾಳಬಲ್ಲದು, ಅದನ್ನು ದಾಟಿದರೆ ಹಾನಿ ಕಣ್ಣಿಗೆ ಕಾಣತೊಡಗುತ್ತದೆ ಎಂದು ಅಂದಾಜಿಸಿತು. ಸಭ್ಯರ ಗುಂಪೂ ಗುಂಪೇ ಎಂದು ಅದರ ಅರ್ಥ.

ಉಪದೇಶ ಮಾತ್ರದಿಂದ ಎಷ್ಟು ಆಗುತ್ತದೆ ಎಂಬುದನ್ನು ಅಳೆದವರೂ ಇದ್ದಾರೆ. ಕೆರಿಬಿಯನ್ನಿನ ಸೇಂಟ್ ಲೂಸಿಯಾದಲ್ಲಿ 353 ಡೈವರುಗಳನ್ನು ಅವರ ಹಿಂದೆಯೇ ಈಜುತ್ತ ಗಮನಿಸಿ, 2004ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಹವಳಕ್ಕೆ ತಾಗಿದ್ದು ಹೆಚ್ಚಾಗಿ ಕೈಯಲ್ಲ, ಕಾಲಿನ ಫಿನ್. ಹಿಂದೆ ಒಂದು ಮಾರುದ್ದ ಚಾಚಿಕೊಂಡಿರುವ ಆ ಪ್ಲಾಸ್ಟಿಕ್ ರೆಕ್ಕೆ ಏನನ್ನು ಸವರಿತೆಂದು ಅದರ ಒಡೆಯನಿಗೆ ಗೊತ್ತೇ ಆಗುವುದಿಲ್ಲ. ಕ್ಯಾಮೆರಾ ಹಿಡಿದವರು ನಿಮಿಷಕ್ಕೆ ಸರಾಸರಿ 0.4 ಸಲ ತಾಗಿದರೆ, ಇಲ್ಲದವರು 0.1 ಸಲ. ಈಟಿಗೆ ಬದಲಾಗಿ ಬಂದು ಪುಣ್ಯದ ಆಯುಧವೆನಿಸಿಕೊಂಡಿದ್ದ ಕ್ಯಾಮೆರಾದ ಗತಿ ಹೀಗಾಯಿತು. ದೋಣಿಯಲ್ಲಿ ಹೇಳುವ ಎರಡು ಬುದ್ಧಿಮಾತಿನಿಂದ ಅಲ್ಲಿ ಯಾವ ವ್ಯತ್ಯಾಸವೂ ಆಗಲಿಲ್ಲ. ವ್ಯತ್ಯಾಸವಾದದ್ದು ನೀರೊಳಗೆ ಮುಂದಾಳು ಹತ್ತಿರ ಬಂದು, ತಾಗುತ್ತಿದ್ದೀಯೆ ಎಂದು ಸನ್ನೆ ಮಾಡಿದಾಗ. ತಾಗುವುದು 0.3ರಿಂದ 0.1ಕ್ಕೆ ಇಳಿಯಿತು. ನನ್ನ ವಾದಕ್ಕೆ ಒಗ್ಗದ ಪುರಾವೆಯೂ ಒಂದಿದೆ, ಬಚ್ಚಿಡಬಾರದು. ಈಜಿಪ್ಟಿನ ರಾಸ್ ಮೊಹಮ್ಮದ್‌ನಲ್ಲಿ ನಡೆದ, 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಿಳಿವಳಿಕೆಯ ಪಾಠದಿಂದಲೇ ತಾಗುವಿಕೆ ಚೆನ್ನಾಗಿ ಕಡಿಮೆಯಾಯಿತು. ಆದರೆ ಅದು ಎರಡು ಮಾತಿನ ಪಾಠವಲ್ಲ. ಚಿತ್ರ ತೋರಿಸಿ ವಿವರಿಸಿ, ಆಮೇಲೆ ನೀರಿಗಿಳಿಸಿ ಯಾವುದು ಜೀವಂತ ಹವಳ, ಯಾವುದು ಬರೀ ಕಲ್ಲು ಎಂದು ತೋರಿಸಿಕೊಟ್ಟದ್ದು. ಅಂಥ ಪಾಠಕ್ಕೆ ಬಿಡುವಿರುವ, ಸಂಬಳ ಪಡೆಯುವ ಕಲಿಸುವವನು ಬೇಕು. ಸುತ್ತಿ ಬಂದರೂ ನಾವು ನಿಲ್ಲುವುದು ಏರ್ಪಾಡಿನ ಬಾಗಿಲಲ್ಲೇ.

ಮುಟ್ಟಿದರೆ, ತಿನ್ನಿಸಿದರೆ ತಾನೆ ಪ್ರೀತಿ ಹುಟ್ಟುವುದು ಎಂಬ ಆಕ್ಷೇಪವೂ ಹಳೆಯದೇ. ಕುಸ್ಟೊನ ಅದೇ ಚಿತ್ರದಲ್ಲಿ ಡೈವರ್‌ನ ಚೀಲದಿಂದ ಮಾಂಸ ತಿನ್ನುತ್ತ ನಾಯಿಮರಿಯಂತೆ ಹಿಂದೆ ಹಿಂದೆ ಬರುವ ಗ್ರೂಪರ್ ಒಂದಿದೆ. ಮೀನಿಗೂ ಸ್ವಭಾವವಿದೆ ಎಂದು ಜಗತ್ತಿಗೆ ತೋರಿಸಿದ್ದು ಆ ಮೀನು, ಇದನ್ನು ಒಪ್ಪೋಣ. ಆದರೆ ಅದರ ಗತಿ ಏನಾಯಿತು? ರುಚಿ ಹತ್ತಿದ ಮೇಲೆ ಕೆಲಸ ಮಾಡಲು ಬಿಡದೆ ಮೈಮೇಲೆ ಬೀಳತೊಡಗಿತೆಂದು ಅದನ್ನು ಪಂಜರದಲ್ಲಿ ಕೂಡಿಹಾಕಿದರು. ತಿನ್ನಿಸುವ ಪ್ರೀತಿಯ ಪೂರ್ತಿ ಕಥೆ ಆ ಪಂಜರದಲ್ಲಿದೆ. ಕೇಮನ್ ದ್ವೀಪದಲ್ಲಿ ಪ್ರವಾಸಿಗಳ ಕೈತುತ್ತಿಗೆ ಒಗ್ಗಿದ ತೊರಕೆ ಮೀನುಗಳು ರಾತ್ರಿ ಒಂಟಿಯಾಗಿ ಮೇಯುವ ತಮ್ಮ ಪದ್ಧತಿ ಬಿಟ್ಟು ಹಗಲು ಗುಂಪುಗಟ್ಟತೊಡಗಿವೆ ಎಂದು ಅಧ್ಯಯನಗಳು ತೋರಿಸಿವೆ. ಫ್ಲಾರಿಡಾ 2002ರ ಆರಂಭದಿಂದ ಡೈವರುಗಳು ಮೀನಿಗೆ ತಿನ್ನಿಸುವುದನ್ನೇ ನಿಷೇಧಿಸಿತು.

ಇದಕ್ಕಿಂತ ಭಾರದ ಆಕ್ಷೇಪ ಬೇರೆಯಿದೆ. ಕಡಲು ಕಾಯ್ದು ಹವಳವೆಲ್ಲ ಬಿಳಿಚುತ್ತಿರುವಾಗ, 1998ರಲ್ಲಿ ಲಕ್ಷದ್ವೀಪದ ಹವಳ ಒಂದೇ ಬೇಸಿಗೆಯಲ್ಲಿ ಸಾಮೂಹಿಕವಾಗಿ ಸತ್ತಿರುವಾಗ, ಒಂದು ಫಿನ್ನಿನ ತಾಗುವಿಕೆಯ ಬಗ್ಗೆ ಇಷ್ಟು ಮಾತೇ? ಟ್ರಾಲರ್ ಬಲೆ ಒಂದು ಎಳೆತದಲ್ಲಿ ಬಾಚುವುದನ್ನು ಡೈವರುಗಳು ನೂರು ವರ್ಷದಲ್ಲೂ ಬಾಚಲಾರರು. ಲೆಕ್ಕ ಸರಿಯಾಗಿದೆ. ಫಿನ್ ಎತ್ತಿಟ್ಟುಕೊಂಡರೆ ಹವಳ ಉಳಿಯುತ್ತದೆ ಎಂದು ಹೇಳುವವನು ಸುಳ್ಳು ಹೇಳುತ್ತಾನೆ. ಆದರೆ ಆ ಲೆಕ್ಕ ಇಡೀ ಕಡಲಿನದು, ಮುಳುಗುವವರು ಇಡೀ ಕಡಲಿಗೆ ಇಳಿಯುವುದಿಲ್ಲ. ಅವರು ಮತ್ತೆ ಮತ್ತೆ ಇಳಿಯುವುದು ಆಯ್ದ ಕೆಲವೇ ಬಂಡೆಗಳಿಗೆ, ಅದೂ ಅತ್ಯಂತ ಚೆಂದದ ಬಂಡೆಗಳಿಗೆ. ಬಿಸಿಯಿಂದ ಹೇಗೋ ಪಾರಾದ ಹವಳದ ಮೇಲೆ ವರ್ಷಕ್ಕೆ ಐದು ಸಾವಿರ ಜೋಡಿ ಕಾಲು ಬೀಸಿದರೆ ಆ ಬಂಡೆಯ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ.

ನಮ್ಮ ನೇತ್ರಾಣಿಯನ್ನೇ ನೋಡಿ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ, ಕಡಲಿನಿಂದ ನೆಟ್ಟಗೆ ಎದ್ದ ಸಣ್ಣ ಬಂಡೆದ್ವೀಪ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವವರಿಂದ ಅಲ್ಲಿ ಡೈವಿಂಗ್ ನಡೆಯುತ್ತದೆ. ಇದೇ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತ ಬಂದಿದೆ. ಷೆಲ್ ಬಿದ್ದ ಬಂಡೆಯ ಬುಡದಲ್ಲಿ ಬೆರಳು ತಾಗಿಸಬೇಡಿ ಎಂದು ಹೇಳುವುದು ತಮಾಷೆಯಾಗಿ ಕಾಣಬಹುದು. ಕಾನೂನೇನೋ ಗಟ್ಟಿಯಾಗಿದೆ: ತಿಮಿಂಗಿಲ ಶಾರ್ಕ್, ದಿಬ್ಬ ಕಟ್ಟುವ ಹವಳಗಳು, ಕಡಲಕುದುರೆ, ಕಡಲಸೌತೆ ಇವೆಲ್ಲ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು, ಹುಲಿಯ ಸಾಲಿಗೆ. ಆದರೆ ಇಲ್ಲಿ ಇಳಿಯುವವರಲ್ಲಿ ಬಹಳಷ್ಟು ಮಂದಿ ಜೀವನದಲ್ಲಿ ಮೊದಲ ಸಲ ಇಳಿಯುವವರು, ಎಷ್ಟೋ ಜನಕ್ಕೆ ಈಜೂ ಬಾರದು. ತರಬೇತುದಾರ ಹಿಂದಿನಿಂದ ಸಿಲಿಂಡರಿನ ಕತ್ತು ಹಿಡಿದು ಅವರನ್ನು ಚೀಲದಂತೆ ತೇಲಿಸಿಕೊಂಡು ಹೋಗುತ್ತಾನೆ. ಹವಳಕ್ಕೂ ಮಂಡಿಗೂ ನಡುವಿನ ಅಂತರ ಎಷ್ಟೆಂದು ತೀರ್ಮಾನಿಸುವುದು ಕಾಯ್ದೆಯೂ ಅಲ್ಲ, ಪ್ರವಾಸಿಯ ಸದ್ಭಾವನೆಯೂ ಅಲ್ಲ, ಆ ತರಬೇತುದಾರನ ಮುಷ್ಟಿ. ಅವನು ದಿನಕ್ಕೆ ಎಷ್ಟು ಜನರನ್ನು ಹೀಗೆ ಹೊರಬೇಕು, ಫೋಟೊಗಾಗಿ ಅವರನ್ನು ಬಂಡೆಗೆ ಎಷ್ಟು ಹತ್ತಿರ ಒಯ್ಯಬೇಕು ಎಂಬುದರಲ್ಲೇ ನೇತ್ರಾಣಿಯ ಶಿಷ್ಟಾಚಾರವಿದೆ.

ಈ ಮರ್ಯಾದೆ ಮಡಿಯಲ್ಲ, ಏರ್ಪಾಡು ಎಂಬುದಕ್ಕೆ ಬೊನೇರ್‌ನಲ್ಲೇ ಕೊನೆಯ ಸಾಕ್ಷಿ ಸಿಗುತ್ತದೆ. 2009ರ ಅಕ್ಟೋಬರಿನಲ್ಲಿ ಅಲ್ಲಿ ಮೊದಲ ಲಯನ್‌ಫಿಶ್ ಕಾಣಿಸಿತು. ವಿಷದ ಮುಳ್ಳಿನ, ಬೀಸಣಿಗೆಯಂಥ ರೆಕ್ಕೆಯ ಈ ಮೀನು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ಕಿನದು. ಅಟ್ಲಾಂಟಿಕ್ಕಿಗೆ ಅದನ್ನು ಮನುಷ್ಯನೇ ಮುಟ್ಟಿಸಿದ್ದು. ಹಿಡಿದು ತಿನ್ನುವವರಿಲ್ಲದೆ ಅದು ಅಲ್ಲಿನ ಮರಿಮೀನುಗಳನ್ನೆಲ್ಲ ನುಂಗತೊಡಗಿತು. 1971ರಲ್ಲಿ ಈಟಿ ಕಿತ್ತುಕೊಂಡಿದ್ದ ದ್ವೀಪವೇ ಆಗ ತರಬೇತಿ ಕೊಟ್ಟು, ಹೆಸರು ಬರೆಸಿಕೊಂಡು, ಆಯ್ದ ಡೈವರುಗಳ ಕೈಗೆ ಗಿಡ್ಡ ಈಟಿಯೊಂದನ್ನು ಮರಳಿ ಕೊಟ್ಟಿತು. ಆ ಒಂದು ಮೀನಿಗೆ ಮಾತ್ರ. ನೇತ್ರಾಣಿಯಲ್ಲಿ ಅದೇ ಮೀನು ಮನೆಯ ಮಗ. ಬಂಡೆಯ ಸಂದಿಯಲ್ಲಿ ಅದು ರೆಕ್ಕೆ ಹರಡಿ ನಿಂತಾಗ ತರಬೇತುದಾರ ಬೆರಳು ತೋರಿಸಿ, ಸಿಲಿಂಡರಿನ ಕತ್ತನ್ನು ಒಂದು ಗೇಣು ಹಿಂದಕ್ಕೆ ಎಳೆಯುತ್ತಾನೆ.